ಸಾನ್ ಜಿಮಿನ್ಯಾನೊ: ಸೋಲು ಉಳಿಸಿದ ಗೋಪುರಗಳು

ಇಟಲಿಯ ಟಸ್ಕನಿ ಪ್ರಾಂತ್ಯದ ಎಲ್ಸಾ ಕಣಿವೆಯ ಮೇಲಿನ ಗುಡ್ಡವೊಂದರ ನೆತ್ತಿಯಲ್ಲಿ ಸಾನ್ ಜಿಮಿನ್ಯಾನೊ ಎಂಬ ಪುಟ್ಟ ಪಟ್ಟಣವಿದೆ. ದೂರದಿಂದ ಬರುವ ಪ್ರವಾಸಿಗೆ ಮೊದಲು ಕಾಣುವುದು ಕಲ್ಲಿನ ಗೋಪುರಗಳ ಸಾಲು. ಅವುಗಳಲ್ಲಿ ಹೆಚ್ಚಿನವನ್ನು ಕಟ್ಟಿಸಿದವರು ಅರಸರಲ್ಲ. ಊರಿನ ಸಿರಿವಂತ ಮನೆತನದವರು.

ಈ ಸಿರಿಯ ಮೂಲ ಒಂದು ದಾರಿ. ಉತ್ತರ ಯುರೋಪಿನ ಯಾತ್ರಿಕರು ರೋಮಿಗೆ ನಡೆದುಹೋಗುತ್ತಿದ್ದ ವಿಯಾ ಫ್ರಾಂಚಿಜೆನಾ ಈ ಊರನ್ನು ಹಾದುಹೋಗುತ್ತಿತ್ತು. ಯಾತ್ರಿಕರ ಹಿಂದೆಯೇ ವ್ಯಾಪಾರವೂ ಬಂದಿತು. ಇಲ್ಲಿ ಬೆಳೆದ ಕೇಸರಿ ದೂರದ ಮಾರುಕಟ್ಟೆಗಳನ್ನು ಸೇರಿತು. 1199ರಲ್ಲಿ ವೊಲ್ತೆರಾದ ಬಿಷಪ್ಪರ ಅಧೀನದಿಂದ ಹೊರಬಂದ ಊರು ತನ್ನನ್ನು ತಾನೇ ಆಳಿಕೊಳ್ಳತೊಡಗಿತು.

ಹಣದೊಡನೆ ಹಗೆತನವೂ ಬೆಳೆಯಿತು. ಪೋಪನ ಪಕ್ಷದ ಆರ್ದಿಂಗೆಲ್ಲಿ, ಚಕ್ರವರ್ತಿಯ ಪಕ್ಷದ ಸಾಲ್ವುಚ್ಚಿ ಮನೆತನಗಳ ವೈರ ಊರನ್ನು ಎರಡಾಗಿ ಒಡೆಯಿತು. ಗೋಪುರದ ಎತ್ತರವೇ ಮನೆತನದ ಅಂತಸ್ತಿನ ಅಳತೆಯಾಯಿತು. ಕೊನೆಗೆ 1255ರ ಶಾಸನವು, 51 ಮೀಟರ್ ಎತ್ತರದ ರೊನ್ಯೋಸಾ ಗೋಪುರವನ್ನು ಮೀರಿಸಿ ಯಾರೂ ಕಟ್ಟಕೂಡದೆಂದು ವಿಧಿಸಿತು.

1300ರ ಮೇ ತಿಂಗಳಿನಲ್ಲಿ ಕವಿ ಡಾಂಟೆ ಫ್ಲಾರೆನ್ಸಿನ ರಾಯಭಾರಿಯಾಗಿ ಇಲ್ಲಿಗೆ ಬಂದು ಪೋಪನ ಪಕ್ಷದ ಒಕ್ಕೂಟದ ಪರವಾಗಿ ಮಾತನಾಡಿದನು. ಪುರಭವನದ ಸಭಾಂಗಣಕ್ಕೆ ಇಂದಿಗೂ ಅವನದೇ ಹೆಸರು. ಎರಡೇ ವರ್ಷಗಳಲ್ಲಿ ಅವನ ಊರಿನ ಪಕ್ಷಜಗಳವೇ ಅವನನ್ನು ಗಡೀಪಾರು ಮಾಡಿತು. ಅವನ ಮಹಾಕಾವ್ಯದ ನರಕಭಾಗದ 31ನೆಯ ಸರ್ಗದಲ್ಲಿ ದೇವರೆದುರು ದಂಗೆಯೆದ್ದ ದೈತ್ಯರು ದೂರಕ್ಕೆ ಗೋಪುರಗಳಂತೆ ತೋರುತ್ತಾರೆ. ಅಲ್ಲಿಯ ಉಪಮೆಯಲ್ಲಿ ಬರುವುದು ಸಮೀಪದ ಇನ್ನೊಂದು ಗುಡ್ಡದೂರಾದ ಮೊಂತೆರಿಜ್ಜೋನಿ. ಗೋಪುರವನ್ನು ಮದದ ರೂಪವಾಗಿ ಕಾಣುವುದಕ್ಕೆ ಆ ಕಾಲದ ಟಸ್ಕನಿಯ ಕವಿಗೆ ಕಲ್ಪನೆಯ ನೆರವು ಬೇಕಾಗಿರಲಿಲ್ಲ.

1348ರ ಮಹಾಮಾರಿ ಪ್ಲೇಗ್ ಊರನ್ನು ಬರಿದುಮಾಡಿತು. ಒಳಜಗಳದಿಂದ ಮೊದಲೇ ಬಳಲಿದ್ದ ಜನ 1353ರಲ್ಲಿ ಫ್ಲಾರೆನ್ಸಿಗೆ ಶರಣಾದರು. ಯಾತ್ರಿಕರ ದಾರಿಯೂ ಕಣಿವೆಗೆ ಇಳಿಯಿತು.

ಇಲ್ಲಿಯೇ ಚರಿತ್ರೆಯ ವಿಪರ್ಯಾಸವಿದೆ. ಗೆದ್ದ ಫ್ಲಾರೆನ್ಸಿನಲ್ಲಿಯೂ ಮನೆತನಗಳ ಗೋಪುರಗಳಿದ್ದವು. 1250ರಲ್ಲಿ ಅಧಿಕಾರಕ್ಕೆ ಬಂದ ಜನಪಕ್ಷ ಅವುಗಳ ತಲೆ ಕಡಿಸಿತು. ಮುಂದೆ ಬೆಳೆಯುತ್ತಲೇ ಹೋದ ನಗರ ಹಳೆಯದನ್ನು ಕೆಡವಿ ಹೊಸದನ್ನು ಕಟ್ಟಿತು. ಸೋತ ಸಾನ್ ಜಿಮಿನ್ಯಾನೊಗೆ ಹಾಗೆ ಹೊಸದಾಗಿ ಕಟ್ಟಿಕೊಳ್ಳುವ ಶಕ್ತಿಯಿರಲಿಲ್ಲ. ಸುಮಾರು 72 ಗೋಪುರಗಳಿದ್ದುವೆಂದು ಹೇಳಲಾಗುವ ಊರಿನಲ್ಲಿ 14 ಉಳಿದುದು ಹೀಗೆ.

1990ರಲ್ಲಿ ಯುನೆಸ್ಕೊ ಈ ಪಟ್ಟಣವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರವಾಸಿ ಮೆಚ್ಚುವ ಈ ಚೆಲುವಿಗೆ ಊರಿನವರು ಶತಮಾನಗಳ ಬಡತನದ ಬೆಲೆ ತೆತ್ತಿದ್ದಾರೆ. ಉಳಿದ ಗೋಪುರಗಳನ್ನು ಎಣಿಸುವವನು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.