ಬಾವಿ ಹೋಯ್ತು, ಫೀಸು ಬಂತು

ಅಬ್ಬಿಗೆರೆಯ ಹೆಸರಲ್ಲೇ ಕೆರೆ ಇದೆ. ಆದ್ರೂ ಇಲ್ಲಿ ಮಗೂಗೆ ಈಜು ಕಲಿಸ್ಬೇಕು ಅಂದ್ರೆ ಮೊದ್ಲು ವಿಚಾರಿಸೋದು ಫೀಸು ಎಷ್ಟು ಅಂತ.

ನಮ್ಮ ಹಿರೀಕರಿಗೆ ಈ ಲೆಕ್ಕ ಇರ್ಲಿಲ್ಲ. ಮಗುವಿನ ಸೊಂಟಕ್ಕೆ ಹಗ್ಗ ಕಟ್ಟಿ, ಬೆನ್ನಿಗೆ ಒಣಗಿದ ಸೋರೆ ಬುರುಡೆ ಬಿಗಿದು ಕಪಿಲೆ ಬಾವಿಗೆ ಇಳಿಸೋರು. ಹಗ್ಗದ ಇನ್ನೊಂದು ತುದಿ ಅಪ್ಪಾನೋ ಸೋದರಮಾವಾನೋ ಹಿಡ್ಕೊಂಡಿರೋರು. ಆಮೇಲೆ ಬೋರ್‌ವೆಲ್ ಬಂದ್ವು, ಅಂತರ್ಜಲ ಕೆಳಗಿಳೀತು, ಬಾವಿಗಳು ಬತ್ತಿದ್ವು. ಬೆಂಗಳೂರಿನ ಕೆರೆಗಳ ಕಥೇನೂ ಅಷ್ಟೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಯ್ತು, ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯ್ತು. ಉಳಿದ ಎಷ್ಟೋ ಕೆರೆಗಳಿಗೆ ಕೊಳಚೆ ನುಗ್ತು.

ಹೀಗೆ ಈಜು ಕಟ್ಟಿದ ಕೊಳಕ್ಕೆ ಬಂತು. ಹಲಸೂರು ಕೆರೆ ಪಕ್ಕದಲ್ಲಿ ಪಾಲಿಕೆಯದೇ ಈಜುಕೊಳ ಇದೆ. ಸದಾಶಿವನಗರದ ಕೊಳಕ್ಕೆ ರಾಜ್ಯದ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿಯವರ ಹೆಸರು. ಅಬ್ಬಿಗೆರೆಯಿಂದ ಹೋಗೋರು ಬಸ್ ಚಾರ್ಜನ್ನೂ ಫೀಸಿಗೆ ಸೇರಿಸಿ ನೋಡ್ಬೇಕು. ಹತ್ತಿರದ ಕೊಳದಲ್ಲಿ ಸ್ವಲ್ಪ ಜಾಸ್ತಿ ಕೇಳಿದ್ರೂ ಅದೇ ಅಗ್ಗ ಆಗ್ಬಹುದು.

ಕಡಿಮೆ ಫೀಸು ಅಂತ ಕೀಳಾಗಿ ನೋಡ್ಬೇಡಿ. ಆದ್ರೆ ಹಣ ಕಟ್ಟೋ ಮುಂಚೆ ಒಂದು ಬ್ಯಾಚ್ ಪೂರ್ತಿ ಕೂತು ನೋಡಿ. ಒಬ್ಬ ಮೇಷ್ಟ್ರಿಗೆ ಎಷ್ಟು ಮಕ್ಕಳು? ಮೇಷ್ಟ್ರು ನೀರಲ್ಲಿದಾರಾ, ದಡದಲ್ಲಿ ಫೋನ್ ನೋಡ್ತಾ ಇದಾರಾ? ಚಿಕ್ಕೋರಿಗೆ ಆಳವಿಲ್ಲದ ಕೊಳ ಬೇರೆ ಇದ್ಯಾ? ತಳ ಕಾಣೋ ಹಾಗೆ ನೀರು ತಿಳಿಯಾಗಿದ್ಯಾ? ಬಾವಿ ಕಾಲದಲ್ಲಿ ದುಡ್ಡು ಕೇಳೋರಿರ್ಲಿಲ್ಲ, ಆದ್ರೆ ಒಂದು ಮಗೂಗೆ ಒಬ್ಬ ದೊಡ್ಡೋರ ಕೈ ಇತ್ತು. ಈಗ ಫೀಸು ಕಟ್ಟಿ ಕೊಳ್ಬೇಕಾಗಿರೋದು ಆ ಕೈಯನ್ನೇ.