ಬಿಜಾಪುರದ ದಖನಿ ಕವಿಗಳು

ಮನೆಯಲ್ಲಿ ಮಕ್ಕಳು ‘ನಕ್ಕೊ’, ‘ಹೌ’, ‘ಬಾತಾಂ’ ಎಂದರೆ ಉರ್ದು ಓದಿದ ನೆಂಟರು ನಗುತ್ತಾರೆ. ಇದು ಕೆಟ್ಟ ಉರ್ದು ಎಂದು ತಿದ್ದುವವರೂ ಇದ್ದಾರೆ. ಮಕ್ಕಳು ನಾಚಿ ಸುಮ್ಮನಾಗುತ್ತಾರೆ. ಕರಾವಳಿಯ ಬ್ಯಾರಿ, ನವಾಯತ ಮನೆಗಳ ಮಾತು ಬೇರೆ. ಆದರೆ ಘಟ್ಟದ ಮೇಲಿನ ನಮ್ಮಲ್ಲಿ ಬಹಳ ಮಂದಿಯ ಮನೆಮಾತು ಈ ದಖನಿಯೇ. ದಿಲ್ಲಿಯ ಕವಿಗಳು ಇನ್ನೂ ಪಾರ್ಸಿಯನ್ನೇ ನೆಚ್ಚಿಕೊಂಡಿದ್ದಾಗ ಬಿಜಾಪುರ, ಗೋಲ್ಕೊಂಡಗಳಲ್ಲಿ ದಖನಿಯ ದೊಡ್ಡ ಕಾವ್ಯಗಳು ಹುಟ್ಟಿದ್ದವು. ‘ಬಾತಾಂ’ ಎಂಬಂಥ ಬಹುವಚನ ಆ ಹಳೆಯ ಕಾವ್ಯಗಳಲ್ಲೂ ಇದೆ.

ಮನೆಮಾತಿನ ಬಗೆಗಿನ ಈ ನಾಚಿಕೆ ಹೊಸದಲ್ಲ. ಬಿಜಾಪುರದ ಶಾಹಪುರ ಗುಡ್ಡದಲ್ಲಿ ಮಲಗಿರುವ ಸೂಫಿ ಮೀರಾಂಜಿ ಶಮ್ಸುಲ್ ಉಶ್ಶಾಕರ ಮಗ ಬುರ್ಹಾನುದ್ದೀನ್ ಜಾನಮ್ 1582ರ ಸುಮಾರಿಗೆ ‘ಇರ್ಶಾದ್‌ನಾಮಾ’ ಬರೆದರು. ಪಾರ್ಸಿ ಬಲ್ಲ ಪಂಡಿತರು ಮೂಗು ಮುರಿಯುತ್ತಾರೆಂದು ಅವರಿಗೆ ಗೊತ್ತಿತ್ತು. ಅದಕ್ಕೇ, ಮಾತು ಜನರದ್ದೆಂದು ಹಳಿಯಬೇಡಿ, ಒಳಗಿನ ಅರ್ಥ ನೋಡಿ ಎಂದು ಅಲ್ಲೇ ಕೇಳಿಕೊಂಡರು. ಈ ಮಾತಿನಲ್ಲಿ ದೀನಿನ ವಿಚಾರ ಅಡುಗೆಮನೆಯವರೆಗೂ ತಲುಪಿತು. ಹೆಂಗಸರು ಬೀಸುವಾಗ ಹೇಳಿಕೊಳ್ಳುವ ‘ಚಕ್ಕಿನಾಮಾ’ ಹಾಡುಗಳಲ್ಲಿ ಬೀಸುಕಲ್ಲಿನ ಗೂಟವೇ ಅಲಿಫ್ ಅಕ್ಷರ, ಅಲ್ಲಾಹನ ಗುರುತು. ಮದ್ರಸದ ಮೆಟ್ಟಿಲು ಹತ್ತದವರಿಗೆ ಇದಕ್ಕಿಂತ ಸುಲಭದ ಪಾಠ ಇನ್ನಾವುದು?

ಇವರೆಲ್ಲರಲ್ಲಿ ಎತ್ತರದವನು ನುಸ್ರತಿ. ಎರಡನೆಯ ಅಲಿ ಆದಿಲ್‌ಶಾಹನ ಆಸ್ಥಾನಕವಿ. ಇವನ ‘ಗುಲ್ಶನೆ ಇಶ್ಕ್’ (1657) ಮನೋಹರ–ಮಧುಮಾಲತಿಯರ ಪ್ರೇಮಕಥೆ. ಅದೇ ಕಥೆಯನ್ನು ಉತ್ತರದಲ್ಲಿ ಸೂಫಿ ಮಂಝನ್ ನೂರು ವರ್ಷ ಮೊದಲೇ ಹೇಳಿದ್ದ. ನುಸ್ರತಿ ಅದನ್ನು ದಖ್ಖನಿನ ತೋಟ, ಹೂವು, ಹಣ್ಣುಗಳ ನಡುವೆ ತಂದಿಟ್ಟ. 1743ರಲ್ಲಿ ಬರೆದ ಇದರ ಒಂದು ಸಚಿತ್ರ ಹಸ್ತಪ್ರತಿ ಇಂದು ಅಮೆರಿಕದ ಫಿಲಡೆಲ್ಫಿಯಾ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರಾರು ಮೈಲಿ ದೂರದವರು ಗಾಜಿನೊಳಗಿಟ್ಟು ಕಾಪಾಡುವ ಪುಸ್ತಕದ ಹೆಸರನ್ನು ನಮ್ಮ ವಿಜಯಪುರದ ಹುಡುಗರಲ್ಲಿ ಎಷ್ಟು ಜನ ಕೇಳಿದ್ದಾರು? ‘ಅಲಿನಾಮಾ’ (1665) ಇನ್ನೊಂದು ಬಗೆಯದು. ಸುಲ್ತಾನನ ಆಳ್ವಿಕೆಯ ಮೊದಲ ವರ್ಷಗಳ ಯುದ್ಧಗಳನ್ನು, ಮೊಗಲರೊಡನೆಯೂ ಶಿವಾಜಿಯೊಡನೆಯೂ ನಡೆದದ್ದನ್ನು, ಆ ಕಾಲದಲ್ಲೇ ಬದುಕಿದ್ದವನು ಬರೆದದ್ದು. ಹೊಗಳಿಕೆ ಧಾರಾಳವಾಗಿದೆ, ಆಸ್ಥಾನಕವಿಯಲ್ಲವೇ! ಆದರೂ ಇತಿಹಾಸಕಾರರು ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

1686ರಲ್ಲಿ ಔರಂಗಜೇಬನಿಗೆ ಬಿಜಾಪುರ ಸೋತಿತು, ಆಸ್ಥಾನವೂ ಹೋಯಿತು. ಅದರ ಬೆನ್ನಿಗೇ ಕಣ್ಣಿಲ್ಲದ ಕವಿ ಹಾಶ್ಮಿ ‘ಯೂಸುಫ್ ಜುಲೈಖಾ’ ಮುಗಿಸಿದ. (ಜುಲೈಖಾ ಎಂಬ ಹೆಸರು ಸೂರಃ ಯೂಸುಫ್‌ನಲ್ಲಿಲ್ಲ, ಅದು ಕವಿಗಳ ಪರಂಪರೆಯಿಂದ ಬಂದದ್ದು.) ಹೆಂಗಸರು ಮನೆಯೊಳಗೆ ಆಡುವ ಮಾತಿನಲ್ಲೇ ಇವನು ಗಝಲುಗಳನ್ನೂ ಕಟ್ಟಿದ. ಅವುಗಳಲ್ಲಿ ನಮ್ಮ ಅಜ್ಜಿಯರ ದನಿ ಕೇಳುತ್ತದೆ.

ಇವೆಲ್ಲ ಅರಬಿ ಲಿಪಿಯಲ್ಲಿವೆ. ಮಕ್ಕಳು ಕನ್ನಡ ಶಾಲೆಯವರು, ಕೇಳಿದರೆ ತಿಳಿಯುತ್ತದೆ, ಕಣ್ಣಿಗೆ ಹತ್ತುವುದಿಲ್ಲ. ಆದ್ದರಿಂದ ಉರ್ದು ಓದಬಲ್ಲ ಹಿರಿಯರಲ್ಲಿ ನಮ್ಮದೊಂದು ಕೋರಿಕೆ: ವಾರಕ್ಕೆ ಒಂದು ಪುಟ ಗಟ್ಟಿಯಾಗಿ ಓದಿ ಹೇಳಿ, ಮಕ್ಕಳು ಅದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಲಿ. ಮೊದಲು ಚಕ್ಕಿನಾಮಾ, ಆಮೇಲೆ ಹಾಶ್ಮಿಯ ಗಝಲು. ನುಸ್ರತಿ ಸ್ವಲ್ಪ ಕಠಿಣ, ಅವನನ್ನು ಕೊನೆಗೆ ಇಟ್ಟುಕೊಳ್ಳಿ.