ಸಿದ್ದಿಯರ ಕೌದಿ, ಸಿದ್ದಿಯರ ಡಮಾಮಿ

ಕಲಘಟಗಿ, ಹಳಿಯಾಳ, ಮುಂಡಗೋಡ, ಯಲ್ಲಾಪುರದ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿಯರ ಹಿರೀಕರಲ್ಲಿ ಹೆಚ್ಚಿನವರನ್ನು ಪೋರ್ಚುಗೀಸರು ಆಫ್ರಿಕಾದ ಪೂರ್ವ ಕರಾವಳಿಯಿಂದ ಗೋವೆಗೆ ಗುಲಾಮರನ್ನಾಗಿ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟ ಹತ್ತಿ ಈ ಕಾಡುಗಳನ್ನು ಸೇರಿದರು. ಇಂದು ಇವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರು ಮೂವರೂ ಇದ್ದಾರೆ.

ಕೌದಿ ಹೊಲಿಯುವುದು ಹೆಣ್ಣುಮಕ್ಕಳ ಕೆಲಸ. ಹಳೆಯ ಸೀರೆ, ಅಂಗಿ, ಲಂಗದ ತುಂಡುಗಳೇ ಬಂಡವಾಳ. ಅಂಚಿನಿಂದ ಶುರುಮಾಡಿ, ಒಂದೊಂದೇ ತುಂಡು ಸೇರಿಸುತ್ತ, ದಾರದ ಸಾಲುಗಳನ್ನು ಸುತ್ತಲೂ ಓಡಿಸಿ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕೂ ಮೂಲೆಗಳನ್ನು ಗಮನಿಸಿ: ಮಡಚಿ ಕೂರಿಸಿದ ಪುಟ್ಟ ಮುಕ್ಕೋನದ ಬಟ್ಟೆ, ಅದಕ್ಕೆ ‘ಫೂಲಾ’ ಎನ್ನುತ್ತಾರೆ. ಚಳಿ ತಡೆಯಲು ಅದು ಬೇಕಿಲ್ಲ; ಆದರೂ ಅದಿಲ್ಲದ ಕೌದಿಯನ್ನು ಸಿದ್ದಿ ಹೆಂಗಸರು ಪೂರ್ತಿಯಾಯಿತೆಂದು ಒಪ್ಪುವುದಿಲ್ಲ.

ಡಮಾಮಿ ಎಂಬುದು ಚರ್ಮ ಬಿಗಿದ ವಾದ್ಯದ ಹೆಸರೂ ಹೌದು, ಅದರ ಬಡಿತಕ್ಕೆ ಹಾಡುತ್ತ ಕುಣಿಯುವ ಕುಣಿತದ ಹೆಸರೂ ಹೌದು. ಹಾಡುಗಳು ಮಾತ್ರ ಬಹುಪಾಲು ಇಲ್ಲಿನ ಕೊಂಕಣಿ ನುಡಿಯವು.

ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಗಡಿಯಾಚೆ ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿದ್ದ ಅವರದೇ ನೆಂಟರು 2020ರವರೆಗೆ ಕಾಯಬೇಕಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನ ಸದಸ್ಯರಾದರು.